ಪಟ ಉಂಟು, ಪಟ್ಟಿ ಎಲ್ಲಿ?

ನಮ್ಮ ಸಂಘದ ರಾಜ್ಯೋತ್ಸವ, ನಾಟಕ, ವನಭೋಜನಗಳ ಛಾಯಾಚಿತ್ರಗಳು ಗಣಕಯಂತ್ರದಲ್ಲಿ ಈಗ 40,000 ದಾಟಿವೆ. ಒಂದು ವರ್ಷದ ಪಟಗಳನ್ನು ತೆರೆಯಬೇಕಾದರೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು! ‘ಹಳೆಯವನ್ನೆಲ್ಲ ಅಳಿಸಿಬಿಡೋಣ’ ಎಂಬ ಸಲಹೆಯೂ ಬಂತು. ಆದರೆ ಇಂದು ನಮ್ಮೊಡನಿಲ್ಲದ ಹಿರಿಯರು ಅವುಗಳಲ್ಲಿದ್ದಾರೆ, ಕೈ ಬರಲಿಲ್ಲ.

ಕಚೇರಿಯಲ್ಲಿ ಕಡತಗಳು ದಾಖಲೆಕೋಣೆಯಲ್ಲಿರುತ್ತವೆ, ರಿಜಿಸ್ಟರು ಮೇಜಿನ ಮೇಲಿರುತ್ತದೆ. ರಿಜಿಸ್ಟರನ್ನೂ ಕೋಣೆಯೊಳಗೆ ಹಾಕಿ ಬೀಗ ಜಡಿದರೆ ಗುಮಾಸ್ತನ ಗತಿಯೇನು? ನಾವು ಮಾಡಿದ್ದೂ ಅದೇ. ನಾವು ಬಳಸುವ ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವು ಪಟಗಳ ಪಟ್ಟಿಯನ್ನೂ ಕಿರುಚಿತ್ರಗಳನ್ನೂ ಬೇರೆಯಾಗಿಯೇ ಇಡಬಲ್ಲುದು. ನಾವೋ ಎಲ್ಲವನ್ನೂ ಹೊರಗಿನ ಒಂದೇ ಹಾರ್ಡ್ ಡಿಸ್ಕಿಗೆ ತುಂಬಿದ್ದೆವು. ಅಲ್ಲಿ ತಿರುಗುವ ತಟ್ಟೆಯ ಮೇಲೆ ಮುಳ್ಳು ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಆದುದರಿಂದ ತಂತ್ರಾಂಶವನ್ನು ಮುಚ್ಚಿ, ಮೊದಲು ಎಲ್ಲಕ್ಕೂ ಒಂದು ಪ್ರತಿ ತೆಗೆದು, ಪಟ್ಟಿ ಮತ್ತು ಕಿರುಚಿತ್ರಗಳನ್ನು ಗಣಕದೊಳಗಿನ ಎಸ್‌ಎಸ್‌ಡಿಗೆ ಸಾಗಿಸಿ, ಹೊಸ ಠಿಕಾಣಿಯನ್ನು ತಂತ್ರಾಂಶಕ್ಕೆ ತಿಳಿಸಿದೆವು. ಪಟಗಳು ಇದ್ದಲ್ಲಿಯೇ ಉಳಿದುವು. ಪಟ್ಟಿಯ ಕಸ ಗುಡಿಸಿ, ಕಿರುಚಿತ್ರಗಳನ್ನು ಒಂದು ರಾತ್ರಿ ಹೊಸದಾಗಿ ಕಟ್ಟಿಸಿದೆವು. ಈಗ ಪುಟ ತಿರುವಿದಂತೆ ಪಟ ತಿರುವಬಹುದು, ಒಂದನ್ನೂ ಅಳಿಸಲಿಲ್ಲ.

ವಾಚಕರಿಗೆ ಒಂದು ಎಚ್ಚರಿಕೆ. ಹಿರಿಯರ ಹೆಸರನ್ನು ಪಟ್ಟಿಯಲ್ಲಿ ಮಾತ್ರ ಬರೆದಿದ್ದರೆ, ಪಟ್ಟಿ ಕೆಟ್ಟ ದಿನ ಮುಖ ಉಳಿದೀತು, ಹೆಸರು ಉಳಿಯದು. ಹೆಸರನ್ನು ಪಟದ ಕಡತದೊಳಗೇ ಬರೆಯಿಸುವ ಏರ್ಪಾಡೂ ಈ ತಂತ್ರಾಂಶದಲ್ಲುಂಟು. ಹೆಸರು ಬಲ್ಲವರು ನಮ್ಮೊಡನಿರುವಾಗಲೇ ಅದನ್ನು ಮಾಡಿ ಮುಗಿಸಿರಿ.