ಹಳೆಯ ಕಾರಿಗೆ ಎಂತಹ ಚೋಕ್?

ಪುಷ್ಯಮಾಸ ಕಾಲಿಟ್ಟಿತೆಂದರೆ ಬೇರಿಕೆಯ ಮುಂಜಾವು ಮಂಜಿನಲ್ಲಿ ಮುಳುಗುತ್ತದೆ. ಹೊಸೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ್ದು. ಇಲ್ಲಿಯ ಚಳಿಯನ್ನು ಮದರಾಸಿನ ನೆಂಟರು ನಂಬುವುದೇ ಇಲ್ಲ. ಅಂತಹದೊಂದು ನಸುಕಿನಲ್ಲಿ ಮನೆಯ ಹಿರಿಯರನ್ನು ಹೊಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ನಮ್ಮ ಪ್ರೀಮಿಯರ್ ಪದ್ಮಿನಿ ಹಟ ಹಿಡಿದು ನಿಂತಿತು. ಬ್ಯಾಟರಿಯೂ ಸೋತಿತು. ನೆರೆಯವರ ವಾಹನ ದೊರೆಯದಿದ್ದರೆ ಗತಿಯೇನಾಗುತ್ತಿತ್ತೋ! ಕೆಲವೇ ತಿಂಗಳ ಹಿಂದೆ, ಬಿಸಿಲ ನಾಡಿಗೆ ಚೋಕ್ ಏಕೆಂಬ ಮೆಕ್ಯಾನಿಕನ ಮಾತಿಗೆ ತಲೆದೂಗಿ ಅದರ ತಂತಿಯನ್ನು ತೆಗೆಸಿದ್ದವರು ನಾವೇ.

ಪೆಟ್ರೋಲು ದ್ರವವಾಗಿ ಉರಿಯದು, ಆವಿಯಾಗಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. ಕಾದ ಎಂಜಿನ್‌ಗೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಸಾಕು. ತಣ್ಣಗಿರುವಾಗ ಪೆಟ್ರೋಲಿನ ಬಹುಭಾಗ ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುವುದರಿಂದ ಹೆಚ್ಚು ಪೆಟ್ರೋಲು ಬೇಕು. ಆ ಹೆಚ್ಚಳವನ್ನು ಒದಗಿಸುವುದೇ ಚೋಕಿನ ಕೆಲಸ.

ಆದರೆ ಎಲ್ಲ ಚೋಕುಗಳೂ ಒಂದೇ ಬಗೆಯವಲ್ಲ. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಗಾಳಿಯ ದಾರಿಗೆ ತಗಡಿನ ಕದವೊಂದು ಅಡ್ಡ ಬರುತ್ತದೆ. ಮೋರಿಸ್ ಆಕ್ಸ್‌ಫರ್ಡ್ ಕಾಲದ ಎಸ್.ಯು. ಕಾರ್ಬ್ಯುರೇಟರಿನಲ್ಲಿ ಕದವೇ ಇಲ್ಲ, ಜೆಟ್ಟನ್ನು ಕೆಳಗಿಳಿಸಲಾಗುತ್ತದೆ. ಪದ್ಮಿನಿಗಳಲ್ಲಿ ಕಾಣುವ ಸೋಲೆಕ್ಸ್‌ನಲ್ಲಿ ಪ್ರಾರಂಭಕ್ಕೆಂದೇ ಪ್ರತ್ಯೇಕ ಮಾರ್ಗವುಂಟು. ಥ್ರಾಟಲ್ ಮುಚ್ಚಿದ್ದಾಗ ಹುಟ್ಟುವ ಸೆಳೆತದಿಂದಲೇ ಅದು ಕೆಲಸ ಮಾಡುತ್ತದೆ. ಆದುದರಿಂದ ಗುಂಡಿ ಎಳೆದು ಆಕ್ಸಿಲರೇಟರನ್ನು ಸಹ ತುಳಿದರೆ ಚೋಕ್ ಇದ್ದೂ ಇಲ್ಲದಂತೆ. ಕದದ ಚೋಕಿಗೆ ಒಗ್ಗಿದ ಕಾಲು ಇದನ್ನು ಒಪ್ಪುವುದು ಕಷ್ಟ!

ತಂತಿಯ ಬದಲು ವಿದ್ಯುತ್ತಿನ ಸ್ವಯಂಚಾಲಿತ ಚೋಕ್ ಇರುವ ಕಾರ್ಬ್ಯುರೇಟರನ್ನೇ ಜೋಡಿಸಿರೆಂದು ಹಲವರು ಹೇಳಿದರು. ಎರಡು ಲೋಹಗಳ ಸುರುಳಿ ಕಾದಂತೆ ಅದರ ಕದ ತಾನೇ ತೆರೆದುಕೊಳ್ಳುತ್ತದೆ. ಅನುಕೂಲವೇನೋ ದೊಡ್ಡದು. ಆದರೆ ಕೀಲಿ ತಿರುಗಿಸಿದಾಗ ಮಾತ್ರ ಹರಿಯುವ 12 ವೋಲ್ಟಿನ ಸರಿಯಾದ ತಂತಿ ಅದಕ್ಕೆ ಬೇಕು. ಹೊಂದಿಕೆ ತಪ್ಪಿದರೆ ಕದ ಮುಚ್ಚಿಯೇ ಉಳಿದು, ಪೆಟ್ರೋಲು ಸಿಲಿಂಡರಿನ ಎಣ್ಣೆಯನ್ನು ತೊಳೆದುಬಿಡುತ್ತದೆ, ಪ್ಲಗ್ಗು ಕಪ್ಪಾಗುತ್ತದೆ. ಕೈಗೆಟಕುವ ಗುಂಡಿಯಾದರೆ ತಪ್ಪು ಕೂಡಲೇ ತಿಳಿಯುತ್ತದೆ. ನಮ್ಮ ಒಲವು ಅದರತ್ತಲೇ.

ಇನ್ನೊಂದು ಸಂಗತಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಆವಿಯಾಗಲು ಹೆಚ್ಚು ಶಾಖ ಬೇಡುತ್ತದೆ. ಉರಿಯಲು ಗಾಳಿಯ ಪಾಲೂ ಕಡಿಮೆ. ಹಳೆಯ ಎಂಜಿನ್‌ಗೆ ಈಗ ಚೋಕಿನ ಅಗತ್ಯ ಮೊದಲಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಹಳೆಯ ರಬ್ಬರು ಕೊಳವೆಗಳನ್ನೂ ಆಗಾಗ ನೋಡಿಕೊಳ್ಳತಕ್ಕದ್ದು.

ಕೊನೆಗೆ ತಂತಿಯನ್ನು ಮರಳಿ ಹಾಕಿಸಿದೆವು. ಗುಂಡಿಯನ್ನು ಒಳದೂಡಿದಾಗ ಕಾರ್ಬ್ಯುರೇಟರಿನ ಸನ್ನೆ ಪೂರ್ತಿ ಹಿಂದೆ ಸರಿಯುವಂತೆ ತಂತಿಗೆ ತುಸು ಸಡಿಲು ಬಿಡಿಸಿದೆವು. ಈಗ ಚಳಿಯ ಬೆಳಗುಗಳಲ್ಲಿ ಗುಂಡಿಯನ್ನು ಪೂರ್ತಿ ಎಳೆದು, ಕಾಲನ್ನು ದೂರವಿಟ್ಟು ಕೀಲಿ ತಿರುಗಿಸುತ್ತೇವೆ. ಎಂಜಿನ್ ಹಿಡಿದೊಡನೆ ಅರ್ಧ ಒಳಗೆ; ಬಾಗಲೂರಿನ ದಾರಿ ಹಿಡಿದು ಸ್ವಲ್ಪ ದೂರ ಸಾಗುವಷ್ಟರಲ್ಲಿ ಪೂರ್ತಿ ಒಳಗೆ.