ಸಮುದ್ರ ಇಲ್ಲದ ನಮ್ಮ ಕಡೆ ನೋಡೋದು ಏನದ?

ರಜೆ ಅಂದ್ರೆ ಗೋವಾ, ಇಲ್ಲಾಂದ್ರೆ ಗೋಕರ್ಣ. ಇನ್ನೂ ದುಡ್ಡಿದ್ದವರು ಕೆರಿಬಿಯನ್ ದ್ವೀಪದ ರೆಸಾರ್ಟಿನ ಫೋಟೋ ತೋರಿಸ್ತಾರೆ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ "ಒಮ್ಮೆ ಯಾದಗಿರಿ ಕಡೆ ಬನ್ನಿ" ಅಂದ್ರೆ, ಬಿಸಿಲು ಬಿಟ್ಟು ಅಲ್ಲೇನಿದೆ ಅಂತ ನಗ್ತಾರೆ. ಎರಡು ದಿನ ಸಾಲದಷ್ಟು ಇದೆ.

ನಾನು ಬೆಳೆದದ್ದು ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪ್ ಇರುವ ಊರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಈ ಯೋಜನೆಗೆ ಅಡಿಗಲ್ಲು ಇಟ್ಟರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳಲ್ಲಿ ಭತ್ತ ಕಾಣತೊಡಗಿತು. ಸುಮಾರು 10 ಕಿಲೋಮೀಟರ್ ಉದ್ದದ ಆ ಕಟ್ಟೆಯ ಹಿಂದಿನ ನೀರೇ ನಮ್ಮ ಪಾಲಿನ ಸಮುದ್ರ. ಹತ್ತಿರದಲ್ಲೇ ನದಿ ದಂಡೆಯ ಮೇಲೆ ಛಾಯಾ ಭಗವತಿ ಗುಡಿ ಇದೆ.

ಶಹಾಪುರದ ಬೆಟ್ಟಗಳನ್ನು ದೂರದಿಂದಲೇ ನೋಡಬೇಕು. ಬುದ್ಧ ಅಂಗಾತ ಮಲಗಿದಂತೆ ಹಣೆ, ಮೂಗು, ಎದೆ ಎಲ್ಲಾ ಕಾಣುತ್ತೆ. ಯಾರೂ ಕೆತ್ತಿದ್ದಲ್ಲ. ಆದರೆ ಕೆತ್ತಿದ ಬೌದ್ಧ ಶಿಲ್ಪವೂ ದೂರವಿಲ್ಲ. ಭೀಮಾ ದಂಡೆಯ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ "ರಾಯ ಅಸೋಕೋ" ಎಂದು ಹೆಸರು ಬರೆದಿರುವ ಅಶೋಕನ ಶಿಲ್ಪ ಸಿಕ್ಕಿದೆ.

ಇನ್ನು ಸುರಪುರ. ಅಲ್ಲಿಗೆ ಹತ್ತಿರದ ವಾಗಿನಗೇರಿ ಕೋಟೆಗೆ 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ. ಪಿಡ್ಡ ನಾಯಕ ಸುಲಭಕ್ಕೆ ಬಗ್ಗಲಿಲ್ಲ. 1841ರಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ. ರಾಜ ಅವನನ್ನು "ಅಪ್ಪಾ" ಅಂತಿದ್ದನಂತೆ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಮುಂದೆ ನಿಂತಾಗ ಈ ಕಥೆ ಗೊತ್ತಿದ್ದರೆ ಬರೀ ಹಳೇ ಬಂಗಲೆ ಅನ್ನಿಸಲ್ಲ. ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರ್ತಾವೆ. ಬೆಳಿಗ್ಗೆ ಬೇಗ ಹೋಗಿ.

ನವೆಂಬರ್‌ನಿಂದ ಜನವರಿ ಒಳ್ಳೇ ಸಮಯ. ಬೆಂಗಳೂರಿನಿಂದ ಯಾದಗಿರಿಗೆ ರೈಲಿದೆ, ಅಲ್ಲಿಂದ ಶಹಾಪುರಕ್ಕೆ ಬಸ್ಸು. ಗೈಡ್, ರೆಸಾರ್ಟ್ ಹುಡುಕಬೇಡಿ. ಲಾಡ್ಜ್ ಸಿಗುತ್ತೆ, ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಗುತ್ತೆ.

ಬಂದವರು ಒಂದು ರಾತ್ರಿಯಾದರೂ ಉಳಿಯಬೇಕು ಅನ್ನೋದು ನನ್ನ ಆಸೆ. ನನ್ನ ಓರಗೆಯವರಲ್ಲಿ ಅನೇಕರು ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬೈ ಸೇರಿದ್ದಾರೆ. ನೋಡುವವರು ಬಂದರೆ ಆಟೋದವರಿಗೆ, ಖಾನಾವಳಿ ನಡೆಸುವ ಅಕ್ಕಂದಿರಿಗೆ, ಊರಿನ ಕಥೆ ಹೇಳಬಲ್ಲ ಕಾಲೇಜು ಹುಡುಗರಿಗೆ ಊರಲ್ಲೇ ನಾಲ್ಕು ಕಾಸು ಆಗುತ್ತೆ. ಕೋಟೆಯ ಕಲ್ಲು ಯಾರೂ ಕೀಳದಂತೆ ಕಾಯೋಕೂ ಆಗ ಜನ ಇರ್ತಾರೆ.