ಧಾನ್ಯದ ಸಿರಿ ಕಂಡ ಹೊಳೆಯೂರು

ಪೋಲೆಂಡಿನ ಅತಿ ಉದ್ದದ ನದಿ ವಿಸ್ಟುಲಾದ ಬಲದಂಡೆಯಲ್ಲಿ, ಲುಬ್ಲಿನ್ ಪ್ರಾಂತದ ಗುಡ್ಡಗಳ ಮಡಿಲಲ್ಲಿ ಕಝಿಮ್ಯೆಷ್ ದೋಲ್ನಿ ಇದೆ. ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟದು. 12ನೇ ಶತಮಾನದಲ್ಲಿ ದೊರೆ ಎರಡನೇ ಕಝಿಮ್ಯೆಷ್ ಈ ಜಾಗವನ್ನು ಕ್ರಾಕೋವ್ ಬಳಿಯ ಸನ್ಯಾಸಿನಿಯರ ಮಠಕ್ಕೆ ದತ್ತಿ ಕೊಟ್ಟ. ಊರಿಗೆ ಅವನ ಹೆಸರೇ ನಿಂತಿತು. 14ನೇ ಶತಮಾನದಲ್ಲಿ ಅದೇ ಹೆಸರಿನ ಮೂರನೇ ದೊರೆ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ.

ಊರಿಗೆ ಸಿರಿ ತಂದದ್ದು ಮಾತ್ರ ಧಾನ್ಯ. 16-17ನೇ ಶತಮಾನಗಳಲ್ಲಿ ಸುತ್ತಲಿನ ಜಮೀನುಗಳ ಗೋಧಿ, ರೈ ಇಲ್ಲಿನ ಕಣಜಗಳಿಗೆ ಬಂದು, ದೋಣಿಯೇರಿ ಬಾಲ್ಟಿಕ್ ತೀರದ ಗ್ಡಾನ್ಸ್ಕ್ ಬಂದರಿಗೆ, ಅಲ್ಲಿಂದ ಪಶ್ಚಿಮ ಯುರೋಪಿಗೆ ಸಾಗುತ್ತಿತ್ತು. ಆ ಕಣಜಗಳೂ ಸಾಮಾನ್ಯದವಲ್ಲ, ಸುಣ್ಣಕಲ್ಲಿನ ಭಾರಿ ಕಟ್ಟಡಗಳು. ಕೆಲವು ಇಂದಿಗೂ ನಿಂತಿವೆ. ವರ್ತಕರಿಗೆ ಹಣ ಬಚ್ಚಿಡುವ ಸಂಕೋಚ ಇರಲಿಲ್ಲ. ಮಾರುಕಟ್ಟೆ ಚೌಕದಲ್ಲಿ ಪ್ಶಿಬಿವಾ ಸೋದರರು 1615ರ ಹೊತ್ತಿಗೆ ಕಟ್ಟಿಸಿದ ಜೋಡಿ ಮನೆಗಳ ಮುಂಗೋಡೆಯ ತುಂಬ ಉಬ್ಬುಶಿಲ್ಪ. ಸೋದರರಲ್ಲಿ ಮಿಕೊವಾಯ್ ತನ್ನ ಹೆಸರಿನ ಸಂತ ನಿಕೊಲಾಸನನ್ನೂ ಕ್ಷಿಶ್ತೋಫ್ ತನ್ನ ಹೆಸರಿನ ಸಂತ ಕ್ರಿಸ್ಟೋಫರನನ್ನೂ ನಿಲ್ಲಿಸಿದರು. ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಸಂತ, ಹೊಳೆಯನ್ನೇ ನಂಬಿದ ವ್ಯಾಪಾರಿಯ ಮನೆಗೆ ತಕ್ಕವನೇ.

17ನೇ ಶತಮಾನದ ನಡುವಿನ ಸ್ವೀಡನ್ ದಾಳಿ ಮೊದಲ ಪೆಟ್ಟು. ಮುಂದೆ ನೆರೆಯ ಸಾಮ್ರಾಜ್ಯಗಳು ಪೋಲೆಂಡನ್ನು ಹಂಚಿಕೊಂಡಾಗ, 1793ರಲ್ಲಿ ಗ್ಡಾನ್ಸ್ಕ್ ಪ್ರಶ್ಯದ ಪಾಲಾಯಿತು. ಕಡಲ ದಾರಿ ಪರರ ಕೈ ಸೇರಿತು. 1869ರಲ್ಲಿ ರಷ್ಯನ್ ಆಡಳಿತ ಪಟ್ಟಣದ ಪದವಿಯನ್ನೂ ಕಿತ್ತುಕೊಂಡಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಶಕ್ತಿ ಊರಿಗೆ ಉಳಿಯಲಿಲ್ಲ. ಅದರ ಇಂದಿನ ಚೆಲುವಿಗೆ ಆ ಬಡತನವೂ ಕಾರಣ. 1920ರ ದಶಕದಲ್ಲಿ ವಾರ್ಸಾದ ಕಲಾಶಾಲೆಯ ತದೇಉಶ್ ಪ್ರುಷ್ಕೋಫ್ಸ್ಕಿ ಬೇಸಿಗೆಯಲ್ಲಿ ಶಿಷ್ಯರನ್ನು ಕರೆತರತೊಡಗಿದ ಮೇಲೆ ಇದು ಚಿತ್ರಕಾರರ ಊರಾಯಿತು.

ಆಗ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಯಹೂದಿಗಳು. ಅವರ ಯಿಡ್ಡಿಶ್ ಮಾತಿನಲ್ಲಿ ಊರು ಕುಜ್ಮಿರ್. 1936ರ ಯಿಡ್ಡಿಶ್ ಚಲನಚಿತ್ರ ‘ಯಿಡ್ಲ್ ಮಿಟ್ನ್ ಫಿಡ್ಲ್’ ಇಲ್ಲಿಯೂ ಚಿತ್ರೀಕರಣಗೊಂಡಿತ್ತು. 1942ರಲ್ಲಿ ನಾತ್ಸಿಗಳು ಆ ಸಮುದಾಯವನ್ನೇ ಊರಿನಿಂದ ಅಳಿಸಿದರು. ಸಮಾಧಿಕಲ್ಲುಗಳನ್ನು ಕಿತ್ತು ನೆಲಕ್ಕೆ ಹಾಸಿದರು. ಅವುಗಳ ಚೂರುಗಳಿಂದಲೇ 1984ರಲ್ಲಿ ಸ್ಮಾರಕಗೋಡೆ ಎದ್ದಿತು. ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಬೇಕೆಂದೇ ಸೀಳಿ ಬಿಡಲಾಗಿದೆ. ಯುದ್ಧದಲ್ಲಿ ಹಾಳಾದ ಸಿನಗಾಗ್ 1950ರ ದಶಕದಲ್ಲಿ ಮತ್ತೆ ಎದ್ದದ್ದು ಸಿನಿಮಾ ಮಂದಿರವಾಗಿ.

ಇಂದು ಊರಿನ ಜೀವನೋಪಾಯ ಪ್ರವಾಸೋದ್ಯಮ. ಮೆದು ಲೋಯೆಸ್ ಮಣ್ಣಿನಲ್ಲಿ ನೀರು ಕೊರೆದ ಕಂದರಗಳು, ಹುಂಜದ ಆಕಾರದ ಬ್ರೆಡ್ಡು, 1967ರಿಂದ ನಡೆದುಬಂದ ಜನಪದ ಗಾಯಕ-ವಾದಕರ ಉತ್ಸವ, ಎಲ್ಲಕ್ಕೂ ಜನ ಬರುತ್ತಾರೆ. ರೈಲು ಊರಿನವರೆಗೆ ಬರುವುದಿಲ್ಲ. ಪುವಾವಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ವಾರಾಂತ್ಯದಲ್ಲಿ ಜನಜಂಗುಳಿ, ವಾರದ ನಡುವೆ ಹೋಗುವುದು ಲೇಸು.